ನುಡಿ ಕಲಿಸುವ ಗುರು ಮೊದಲು ಕಿವಿಯಾಗಬೇಕು

ಮಾತು ಮಾನವನಿಗೆ ದೊರೆತ ಅಮೂಲ್ಯ ಸಂಪತ್ತು. ಆದರೆ ಆ ಸಂಪತ್ತನ್ನು ಸಭೆಯ ನಡುವೆ ಬಳಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಜಗಲಿಯ ಮೇಲೆ, ಹೊಲದ ಬದುವಿನಲ್ಲಿ, ಸಂತೆಯ ಚೌಕಾಸಿಯಲ್ಲಿ ನಿರರ್ಗಳವಾಗಿ ನುಡಿಯುವವರೇ ನಾಲ್ಕು ಜನ ಸೇರಿದ ಸಭೆಯಲ್ಲಿ ಎದ್ದು ನಿಂತೊಡನೆ ನಾಲಿಗೆ ಒಣಗಿ ಕುಳಿತುಬಿಡುತ್ತಾರೆ. ಇಂಥವರಲ್ಲಿ ವಿಚಾರದ ಬಡತನವಿದೆಯೆಂದು ತಿಳಿಯುವುದು ತಪ್ಪು. ಅವರೊಳಗೆ ಹೇಳಬೇಕಾದುದು ತುಂಬಿಕೊಂಡಿರುತ್ತದೆ; ಹೇಳಲು ದಾರಿ ಮಾಡಿಕೊಡುವವರು ಇರುವುದಿಲ್ಲ. ವಯಸ್ಕರಿಗೆ ಸಭೆಯ ಮಾತನ್ನು ಕಲಿಸುವ ಶಿಕ್ಷಕನ ಹೊಣೆ ಇಲ್ಲಿಂದಲೇ ಆರಂಭವಾಗುತ್ತದೆ.

ನುಡಿ ಹೇಗಿರಬೇಕೆಂಬುದಕ್ಕೆ ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಅಳತೆಗೋಲುಗಳನ್ನು ಕೊಟ್ಟಿದ್ದಾರೆ. ನುಡಿಗೆ ಅಂದವಿರಬೇಕು, ಬೆಳಕಿರಬೇಕು, ಒಳಗೊಂದು ಹೊರಗೊಂದಿಲ್ಲದ ನಿರ್ಮಲತೆಯಿರಬೇಕು, ಕಡೆಗೆ ಅಂತರಂಗದ ಸಾಕ್ಷಿಯಾದ ಲಿಂಗವೂ ಒಪ್ಪಬೇಕು. ಆಡಿದಂತೆ ನಡೆಯದಿದ್ದರೆ ಇವೆಲ್ಲವೂ ವ್ಯರ್ಥ ಎಂಬುದು ಅದರ ತಾತ್ಪರ್ಯ. ಇಂದು ಪಟ್ಟಣಗಳಲ್ಲಿ ನಡೆಯುವ ಅನೇಕ ಭಾಷಣ ಕಲೆಯ ತರಗತಿಗಳು ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಹಿಡಿದುಕೊಂಡಂತೆ ತೋರುತ್ತವೆ. ಕೈ ಹೇಗೆ ಆಡಿಸಬೇಕು, ಯಾವ ಸುಭಾಷಿತದಿಂದ ಆರಂಭಿಸಬೇಕು, ಎಲ್ಲಿ ನಗೆಹನಿ ಸೇರಿಸಬೇಕು ಎಂಬುದು ಅಲ್ಲಿಯ ಪಾಠ. ಅಂದ ಬೇಡವೆಂದಲ್ಲ, ಅಂದವೇ ಮೊದಲ ಪಾಠವೂ ಕೊನೆಯ ಪಾಠವೂ ಆದಾಗ ಕಲಿಯುವವನು ಪರರ ಮಾತನ್ನು ಹೊತ್ತು ತಿರುಗುವ ಹಮಾಲನಾಗುತ್ತಾನೆಯೇ ಹೊರತು ಸ್ವಂತ ನುಡಿಯ ಒಡೆಯನಾಗಲಾರ.

ಮಕ್ಕಳಿಗೆ ಮಾತು ಕಲಿಸುವುದಕ್ಕೂ ದೊಡ್ಡವರಿಗೆ ಕಲಿಸುವುದಕ್ಕೂ ಬಹಳ ಅಂತರವಿದೆ. ಮಗು ತಪ್ಪಿದರೆ ಕೇಳಿದವರು ನಕ್ಕು ಮುದ್ದಾಡುತ್ತಾರೆ. ನಲವತ್ತು ದಾಟಿದ ಗೃಹಸ್ಥ ಅಥವಾ ಗೃಹಿಣಿ ತಪ್ಪಿದರೆ ಊರು ಆ ತಪ್ಪನ್ನು ವರ್ಷಗಟ್ಟಲೆ ನೆನೆಯುತ್ತದೆ. ವಯಸ್ಕರು ವೇದಿಕೆಯ ಮೇಲೆ ಪಣಕ್ಕಿಡುವುದು ತಮ್ಮ ಮಾನವನ್ನು. ಆದುದರಿಂದ ಅವರ ಗುರುವಾದವನು ತಪ್ಪಿದರೂ ಮಾನ ಹೋಗದಂಥ ಒಂದು ಸ್ಥಳವನ್ನು ಮೊದಲು ನಿರ್ಮಿಸಬೇಕು. ವಯಸ್ಕರು ಬರಿಗೈಯಲ್ಲಿ ಬರುವುದಿಲ್ಲ, ಬದುಕಿನ ಅನುಭವವನ್ನೇ ಬುತ್ತಿಯಾಗಿ ಕಟ್ಟಿಕೊಂಡು ಬರುತ್ತಾರೆ ಎಂಬುದನ್ನು ಅಮೆರಿಕದ ಶಿಕ್ಷಣ ಚಿಂತಕ ಮಾಲ್ಕಂ ನೋಲ್ಸ್ 1970ರ ಆಸುಪಾಸಿನಲ್ಲಿ ಶಾಸ್ತ್ರದ ರೂಪದಲ್ಲಿ ವಿವರಿಸಿದರು.

ನಮ್ಮ ನಾಡಿಗೆ ಈ ತಿಳಿವು ಹೊಸದಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ದೊಡ್ಡವರ ಪಾಠಶಾಲೆಯೆಂದು ಕರೆದರೆ ಅತಿಶಯೋಕ್ತಿಯಾಗದು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿಮಾಡುವ ಮಾಚಿದೇವ, ಅಕ್ಕಿ ಆಯುವ ಕಾಯಕದ ಮನೆಯ ಲಕ್ಕಮ್ಮ ಮೊದಲಾದವರು ತಮ್ಮ ತಮ್ಮ ಕಾಯಕದ ಭಾಷೆಯಲ್ಲಿಯೇ ನುಡಿದರು. ಅವರಿಗೆ ವ್ಯಾಕರಣ ಅಲಂಕಾರಗಳ ಪಾಠ ಮಾಡಿದವರಿಲ್ಲ; ಅವರು ಕಂಡುಂಡದ್ದನ್ನು ಗೌರವದಿಂದ ಕೇಳುವ ಸಭೆಯೊಂದಿತ್ತು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುದೇವರು ನಿರ್ವಹಿಸುವ ಪಾತ್ರವನ್ನು ಗಮನಿಸಬೇಕು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೆ ಅವರು ಉತ್ತರವನ್ನು ಹೇಳಿಕೊಡುವುದಿಲ್ಲ. ಒಂದರ ಮೇಲೊಂದು ಕಠಿಣ ಪ್ರಶ್ನೆ ಹಾಕಿ ಆಕೆಯ ಉತ್ತರ ಆಕೆಯಿಂದಲೇ ಹೊರಹೊಮ್ಮುವವರೆಗೆ ಕಾಯುತ್ತಾರೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದ ಮುಕ್ತಾಯಕ್ಕ ತಿರುಗಿ ಪ್ರಶ್ನಿಸಿದಾಗ ಅವರು ಮುನಿಯುವುದಿಲ್ಲ. ಪ್ರಶ್ನೆ ಕೇಳುವುದು, ಕಾಯುವುದು, ಎದುರು ಮಾತನ್ನು ಸಹಿಸುವುದು ಈ ಮೂರೂ ನುಡಿ ಕಲಿಸುವ ಗುರುವಿನ ಲಕ್ಷಣಗಳು.

ಇದೇ ತತ್ತ್ವ ಬೇರೊಂದು ಕಾಲದಲ್ಲಿ, ಬೇರೊಂದು ದೇಶದಲ್ಲಿಯೂ ಫಲ ಕೊಟ್ಟಿದೆ. 1912ರಲ್ಲಿ ಡೇಲ್ ಕಾರ್ನೆಗಿ ನ್ಯೂಯಾರ್ಕಿನ ವೈ.ಎಂ.ಸಿ.ಎ.ಯಲ್ಲಿ ಉದ್ಯೋಗಸ್ಥರಿಗಾಗಿ ರಾತ್ರಿಯ ಭಾಷಣ ತರಗತಿ ಆರಂಭಿಸಿದರು. ಸಿದ್ಧಪಡಿಸಿದ ಪಾಠ ಒಮ್ಮೆ ಬೇಗನೆ ಮುಗಿದುಹೋಗಲು, ತಮಗೆ ಸಿಟ್ಟು ತರಿಸಿದ ಒಂದು ಸಂಗತಿಯನ್ನು ಕುರಿತು ಮಾತನಾಡುವಂತೆ ವಿದ್ಯಾರ್ಥಿಗಳಿಗೆ ಹೇಳಿದರು. ಅಲ್ಲಿಯವರೆಗೆ ತಡವರಿಸುತ್ತಿದ್ದವರು ಅಳುಕಿಲ್ಲದೆ ಮಾತನಾಡತೊಡಗಿದರು. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಟೋಸ್ಟ್‌ಮಾಸ್ಟರ್ಸ್ ಬಳಗವನ್ನು ಕಟ್ಟಿದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಸದಸ್ಯರೇ ಸರದಿಯಂತೆ ಮಾತನಾಡುತ್ತಾರೆ, ಸರದಿಯಂತೆ ಸಭೆ ನಡೆಸುತ್ತಾರೆ, ಒಬ್ಬರ ಮಾತಿನ ಗುಣದೋಷಗಳನ್ನು ಇನ್ನೊಬ್ಬರು ಸ್ನೇಹದಿಂದ ತಿಳಿಸುತ್ತಾರೆ. ಗುರು ಮಾತನಾಡುವುದನ್ನು ಕಡಿಮೆ ಮಾಡಿದಷ್ಟೂ ಶಿಷ್ಯರ ಮಾತು ಬೆಳೆಯುತ್ತದೆ ಎಂಬುದಕ್ಕೆ ಇವೆರಡೂ ನಿದರ್ಶನಗಳು.

ಕರ್ನಾಟಕದಲ್ಲಿ ಈ ವಿದ್ಯೆಯ ಅಗತ್ಯ ಅತಿ ಹೆಚ್ಚಾಗಿ ಕಾಣುವುದು ಗ್ರಾಮ ಪಂಚಾಯಿತಿಯ ಅಂಗಳದಲ್ಲಿ. 1987ರ ಮಂಡಲ ಪಂಚಾಯಿತಿ ಹಾಗೂ ಜಿಲ್ಲಾ ಪರಿಷತ್ತಿನ ಚುನಾವಣೆಯಲ್ಲಿಯೇ ನಮ್ಮ ರಾಜ್ಯ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಆ ಪಾಲು ಮೂರನೆಯ ಒಂದರಷ್ಟಾಯಿತು; 2010ರಲ್ಲಿ ರಾಜ್ಯವು ಅದನ್ನು ಶೇ. 50ಕ್ಕೆ ಏರಿಸಿತು. ಕಾನೂನು ಕುರ್ಚಿಯನ್ನು ಕೊಟ್ಟಿತು. ಆದರೆ ಕುರ್ಚಿಯೊಡನೆ ದನಿ ತಾನಾಗಿಯೇ ಬರಲಿಲ್ಲ. ಸಭೆಯಲ್ಲಿ ಸದಸ್ಯೆ ಮೌನವಾಗಿ ಕುಳಿತಿರಲು ಪತಿಯೋ ಮೈದುನನೋ ಆಕೆಯ ಪರವಾಗಿ ಮಾತನಾಡುವ ದೃಶ್ಯ ಹಳ್ಳಿಗಳನ್ನು ಬಲ್ಲವರಿಗೆಲ್ಲ ಪರಿಚಿತ. ಹೀಗೆ ಆಕೆಯ ಬಾಯಿಯನ್ನು ಬೇರೊಬ್ಬರು ಎರವಲು ಪಡೆದಾಗ ಆಕೆಗೆ ಮತ ಕೊಟ್ಟವರ ಹಕ್ಕೂ ಎರವಲಾಗಿ ಹೋಗುತ್ತದೆ. ಕುಡಿಯುವ ನೀರು, ಬೀದಿ ದೀಪ, ಫಲಾನುಭವಿಗಳ ಪಟ್ಟಿ ಇವೆಲ್ಲ ಅಲ್ಲಿ ತೀರ್ಮಾನವಾಗುವಾಗ ಒಬ್ಬರ ಮೌನದ ಬೆಲೆಯನ್ನು ಇಡೀ ಕೇರಿ ತೆರಬೇಕಾಗುತ್ತದೆ.

ತರಬೇತಿಯ ಪ್ರಯತ್ನಗಳು ಇಲ್ಲಿ ನಡೆದಿಲ್ಲವೆಂದಲ್ಲ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಉಪಗ್ರಹ ಸಂಪರ್ಕದ ಮೂಲಕ ಹಲವು ತಾಲೂಕುಗಳ ಸದಸ್ಯರಿಗೆ ಏಕಕಾಲದಲ್ಲಿ ಪಾಠ ತಲುಪಿಸಿದೆ. ಕಾನೂನು, ಅನುದಾನ, ಯೋಜನೆಗಳ ವಿವರವನ್ನು ದೂರದೂರದವರಿಗೆ ತಿಳಿಸಲು ಅದು ಸಮರ್ಥವಾದ ಮಾರ್ಗ. ಆದರೆ ತಿಳಿವಳಿಕೆ ಬೇರೆ, ಬಾಯಿ ಬಿಡುವ ಧೈರ್ಯ ಬೇರೆ. ಎರಡನೆಯದಕ್ಕೆ ಎದುರಿಗೆ ಕುಳಿತ ಗುರುವೇ ಬೇಕು. ಅಂಥ ಮಾದರಿಯೊಂದನ್ನು 1989ರಲ್ಲಿ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಆರಂಭವಾದ ಮಹಿಳಾ ಸಮಾಖ್ಯಾ ಯೋಜನೆ ತೋರಿಸಿಕೊಟ್ಟಿತು. ಅದರ ಸಹಯೋಗಿನಿಯರು ಹಳ್ಳಿ ಹಳ್ಳಿಗೆ ತೆರಳಿ ಬಡ ಮಹಿಳೆಯರ ಸಂಘ ಕಟ್ಟಿ, ಅವರ ಕಷ್ಟಸುಖವನ್ನೇ ಚರ್ಚೆಯ ವಿಷಯವಾಗಿಸಿದರು. ಸಂಘದಲ್ಲಿ ಮಾತನಾಡಿ ರೂಢಿಯಾದವರು ಕಚೇರಿಗೆ ಹೋಗಿ ಕೇಳತೊಡಗಿದರು. ಮುಂದೆ ಪಂಚಾಯಿತಿ ಚುನಾವಣೆಗೆ ನಿಂತವರೂ ಉಂಟು.

ಹೀಗಿರುವಾಗ ಶಿಬಿರಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಉಪನ್ಯಾಸಕರು ಬೆಳಗಿನಿಂದ ಸಂಜೆಯವರೆಗೆ ಮಾತನಾಡುತ್ತಾರೆ. ಶಿಬಿರಾರ್ಥಿಗಳು ಊಟದ ವೇಳೆಯಲ್ಲಿ ಮಾತ್ರ ಬಾಯಿ ತೆರೆಯುತ್ತಾರೆ. ಮಾತು ಕಲಿಸುವ ಶಿಬಿರದಲ್ಲಿ ಕಲಿಯುವವರೇ ಮೂಕರಾಗಿರುವುದು ದಂಡೆಯ ಮೇಲೆ ನಿಂತು ಈಜು ಕಲಿಸಿದಂತೆ. ಬಲ್ಲ ಗುರು ಹೀಗೆ ಮಾಡುವುದಿಲ್ಲ. ಮೊದಲ ದಿನ ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರಿಸಿ, ಕುಳಿತಲ್ಲಿಂದಲೇ ತಮ್ಮ ಓಣಿಯ ನೀರಿನ ಸಂಗತಿ ಹೇಳಿಸುತ್ತಾನೆ. ಆ ಬಳಿಕ ಅದನ್ನೇ ಮೂರು ಕಟ್ಟಾಗಿ ಜೋಡಿಸುವುದನ್ನು ತೋರಿಸುತ್ತಾನೆ: ಏನಾಗಿದೆ, ಯಾರಿಗೆ ತೊಂದರೆಯಾಗಿದೆ, ಏನಾಗಬೇಕು. ಮೂರನೆಯ ದಿನಕ್ಕೆ ಅಣಕು ಗ್ರಾಮಸಭೆ. ಒಬ್ಬರು ಅಧ್ಯಕ್ಷೆ, ಒಬ್ಬರು ಪಿ.ಡಿ.ಒ., ಒಬ್ಬರು ನಡುವೆ ಬಾಯಿ ಹಾಕಿ ಗದ್ದಲ ಮಾಡುವವರು. ಮಾತು ಕಡಿದಾಗ ಮತ್ತೆ ಎಲ್ಲಿಂದ ಹಿಡಿಯಬೇಕು, ತಿಳಿಯದ ಪ್ರಶ್ನೆ ಬಂದಾಗ ದಾಖಲೆ ನೋಡಿ ಮುಂದಿನ ಸಭೆಯಲ್ಲಿ ಉತ್ತರಿಸುವೆನೆಂದು ಅಂಜಿಕೆಯಿಲ್ಲದೆ ಹೇಗೆ ಹೇಳಬೇಕು ಎಂಬುದು ಹೀಗೆ ಆಡಿದಾಗಲೇ ಬರುವ ವಿದ್ಯೆ.

ಇಲ್ಲಿ ಗುರುವಾದವನು ಎಚ್ಚರ ವಹಿಸಬೇಕಾದ ಸೂಕ್ಷ್ಮವೊಂದಿದೆ. ಹಳೆಯ ಮೈಸೂರು ಸೀಮೆಯ ಹೆಣ್ಣುಮಗಳು ಹಾಲನ್ನು ಆಲು ಎಂದಳೆಂದು ತಿದ್ದತೊಡಗಿದರೆ, ಉತ್ತರ ಕರ್ನಾಟಕದ ಹಿರಿಯರ ಆಡುಮಾತನ್ನು ಪುಸ್ತಕದ ಮಾತಿಗೆ ತಿರುಗಿಸಹೊರಟರೆ, ಅವರು ಮತ್ತೆ ಬಾಯಿ ತೆರೆಯಲಾರರು. ಉಚ್ಚಾರಣೆಯನ್ನು ತಿದ್ದುವ ಉತ್ಸಾಹದಲ್ಲಿ ಮನುಷ್ಯರನ್ನೇ ಕಳೆದುಕೊಂಡಂತಾಗುತ್ತದೆ. ಶರಣರು ಸಂಸ್ಕೃತದ ಗಡಿ ದಾಟಿ ಜನರ ಕನ್ನಡದಲ್ಲಿ ನುಡಿದವರು. ಅವರ ಪರಂಪರೆಯನ್ನು ಗೌರವಿಸುವವರು ಹಳ್ಳಿಯ ನುಡಿಯನ್ನು ಅಶುದ್ಧವೆಂದು ಹೀಗಳೆಯುವುದು ಸಲ್ಲದು. ಗ್ರಾಮಸಭೆ ಕೇಳಬೇಕಾದುದು ಆಕೆಯ ವಿಷಯವನ್ನು. ವಿಷಯ ಸ್ಪಷ್ಟವಾಗಿದ್ದರೆ ಸಾಕು.

ಒಂದು ಆಕ್ಷೇಪಣೆಯೂ ಉಂಟು. ಮಾತುಗಾರರ ಸಂಖ್ಯೆ ನಾಡಿನಲ್ಲಿ ಈಗಾಗಲೇ ಅಧಿಕವಾಗಿದೆ, ಇನ್ನಷ್ಟು ಮಂದಿಗೆ ಭಾಷಣ ಕಲಿಸಿ ಆಗುವುದೇನು ಎಂದು ಹಿರಿಯರು ಕೇಳುವುದುಂಟು. ಆಕ್ಷೇಪದಲ್ಲಿ ಸತ್ಯವಿದೆ. ನಡೆಯಿಲ್ಲದ ನುಡಿ ಶರಣರ ದೃಷ್ಟಿಯಲ್ಲಿ ಬರಿಯ ಸದ್ದು. ಆದರೆ ಮೋಸದ ಮಾತು ಗೆಲ್ಲುವುದು ನಿಜ ಬಲ್ಲವರು ಸುಮ್ಮನೆ ಕುಳಿತಾಗ. ಆದುದರಿಂದ ಮಾತು ಕಲಿಸುವುದನ್ನು ನಿಲ್ಲಿಸುವುದು ಪರಿಹಾರವಾಗದು. ಮಾತಿನೊಡನೆ ಹೊಣೆಯನ್ನೂ ಕಲಿಸುವುದು ಪರಿಹಾರ. ಗುರು ತನ್ನ ಶಿಷ್ಯರಿಗೆ ಒಂದು ನಿಯಮ ಹಾಕಬಹುದು. ಪ್ರತಿಯೊಬ್ಬರೂ ಹೊಸ ಮಾತು ಆಡುವ ಮೊದಲು ಹಿಂದಿನ ಸಭೆಯಲ್ಲಿ ತಾವು ಕೊಟ್ಟ ಮಾತು ಏನಾಯಿತೆಂದು ಹೇಳಬೇಕು. ಈ ಒಂದು ಅಭ್ಯಾಸ ಬೇರೂರಿದರೆ ನುಡಿ ತಾನಾಗಿಯೇ ಹದಕ್ಕೆ ಬರುತ್ತದೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ ಹಿಂದಿರುಗಿಸುವಂತೆ ಹೇಳಿದ ಮಾತು ಶತಮಾನಗಳನ್ನು ದಾಟಿ ಉಳಿದಿರುವುದು ಅದರ ಅಲಂಕಾರದಿಂದಲ್ಲ. ಆಕೆ ನಡೆದಂತೆ ನುಡಿದುದರಿಂದ.

ಈ ಕಾರ್ಯವನ್ನು ಸರ್ಕಾರವೊಂದೇ ಮಾಡಬೇಕೆಂದು ಕಾಯಬೇಕಾಗಿಲ್ಲ. ಗ್ರಾಮಸಭೆ ವರ್ಷಕ್ಕೆ ಎರಡು ಬಾರಿಯಾದರೂ ಸೇರಲೇಬೇಕೆಂಬುದು ಕಾನೂನು. ಪ್ರತಿ ಸಭೆಗೆ ಮುನ್ನ ಒಂದು ವಾರ, ದಿನಕ್ಕೆ ಒಂದು ಗಂಟೆ ಊರಿನ ನಿವೃತ್ತ ಶಿಕ್ಷಕರೊಬ್ಬರು ಶಾಲೆಯ ಪಡಸಾಲೆಯಲ್ಲಿ ಸದಸ್ಯರನ್ನೂ ಸ್ವಸಹಾಯ ಸಂಘದವರನ್ನೂ ಕೂರಿಸಿ ಮಾತನಾಡಿಸಿದರೆ ಸಾಕು. ಮಠಗಳ ಪ್ರಸಾದ ನಿಲಯಗಳು, ಗ್ರಂಥಾಲಯಗಳು, ಯುವಕ ಮಂಡಲಗಳು ಅದಕ್ಕೆ ಸ್ಥಳ ಒದಗಿಸಬಹುದು. ಇದಕ್ಕೆ ಧ್ವನಿವರ್ಧಕ ಬೇಡ, ಹಾರ ತುರಾಯಿ ಬೇಡ. ತಾಳ್ಮೆಯುಳ್ಳ ಎರಡು ಕಿವಿಗಳು ಬೇಕು.

ಅನ್ನದಾಸೋಹ, ಜ್ಞಾನದಾಸೋಹಗಳ ನಾಡಿನಲ್ಲಿ ಇದನ್ನು ಶ್ರವಣದ ದಾಸೋಹವೆಂದು ಕರೆಯಬಹುದು. ಹಸಿದವರಿಗೆ ಅನ್ನವಿಟ್ಟಂತೆಯೇ ಮೂಕವಾಗಿರುವವರಿಗೆ ಕಿವಿಗೊಡುವುದೂ ಸೇವೆ. ಕೇಳಿಸಿಕೊಂಡವರು ಮಾತನಾಡಲು ಕಲಿಯುತ್ತಾರೆ. ಮಾತನಾಡಲು ಕಲಿತವರು ಮುಂದೊಂದು ದಿನ ಇನ್ನೊಬ್ಬರಿಗೆ ಕಿವಿಗೊಡುತ್ತಾರೆ. ನುಡಿ ಕಲಿಸುವ ಗುರುವಿಗೆ ಇದಕ್ಕಿಂತ ಹಿರಿದಾದ ಗುರುದಕ್ಷಿಣೆ ಬೇರೊಂದಿಲ್ಲ.