ಬುಲ್ಸ್ ಸೋಲಿನ ಹೊಣೆ ಕೋಚ್ ಒಬ್ಬರದೇ?

ಪ್ರೊ ಕಬಡ್ಡಿ ಲೀಗ್‌ನ 11ನೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯ ಆಡಿ ಗೆದ್ದಿದ್ದು ಎರಡನ್ನು ಮಾತ್ರ. ಒಂದು ಪಂದ್ಯ ಟೈ ಆಯಿತು, ಉಳಿದ 19ರಲ್ಲಿ ಸೋಲು. 2024ರ ಡಿಸೆಂಬರ್‌ನಲ್ಲಿ ಲೀಗ್ ಮುಗಿದಾಗ 12 ತಂಡಗಳ ಪಟ್ಟಿಯಲ್ಲಿ ನಮ್ಮ ತಂಡ ಕಟ್ಟಕಡೆಗೆ ನಿಂತಿತ್ತು. 2014ರ ಮೊದಲ ಆವೃತ್ತಿಯಿಂದಲೂ ತಂಡದ ಜೊತೆಗಿದ್ದ ಮುಖ್ಯ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ನಿರ್ಗಮಿಸಿದರು. ಅವರ ಜಾಗಕ್ಕೆ ಕನ್ನಡಿಗ ಬಿ.ಸಿ. ರಮೇಶ್ ಬಂದರು. ಮರುವರ್ಷ ತಂಡ ಮೊದಲ ಮೂರು ಪಂದ್ಯ ಸೋತರೂ ಚೇತರಿಸಿಕೊಂಡು ಪ್ಲೇಆಫ್ ತಲುಪಿತು. ಹಾಗಾದರೆ ಲೆಕ್ಕ ಚುಕ್ತಾ ಆಯಿತೇ? ಆಗಿಲ್ಲ. ಕೋಚ್ ಬದಲಾವಣೆಯೊಂದಿಗೆ ಈ ಅಧ್ಯಾಯ ಮುಗಿಯಿತು ಎಂದುಕೊಂಡರೆ ಅಭಿಮಾನಿಗಳ ಸಿಟ್ಟನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡಂತೆ.

ಆ ಸಿಟ್ಟು ಎಂಥದ್ದು ಎಂದು ತಿಳಿಯಲು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಿಗೆ ಹೋಗಬೇಕು. 11ನೇ ಆವೃತ್ತಿ ನಡೆದದ್ದು ಸುಗ್ಗಿಯ ಕಾಲದಲ್ಲಿ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು, ಹೊನ್ನಾಳಿ–ನ್ಯಾಮತಿಯ ನೀರಾವರಿ ಗದ್ದೆಗಳಲ್ಲಿ ಭತ್ತ, ಜಗಳೂರಿನಲ್ಲಿ ಮೆಕ್ಕೆಜೋಳದ ಒಕ್ಕಣೆ. ತೋಟದ ಫಸಲು ಗುತ್ತಿಗೆ ಹಿಡಿದು ಅಡಿಕೆ ಸುಲಿದು ಬೇಯಿಸುವ ಖೇಣಿಯವರ ಶೆಡ್ಡುಗಳಲ್ಲಿ ಕೆಲಸ ರಾತ್ರಿ ಹತ್ತಾದರೂ ಮುಗಿಯುವುದಿಲ್ಲ. ಅಲ್ಲಿ ಚೀಲಕ್ಕೆ ಒರಗಿಸಿಟ್ಟ ಮೊಬೈಲ್‌ನಲ್ಲಿ ಎಂಟು ಗಂಟೆಯ ಪಂದ್ಯ ಓಡುತ್ತಿರುತ್ತದೆ. ಕೈ ಅಡಿಕೆಯ ಮೇಲೆ, ಕಣ್ಣು ಪರದೆಯ ಮೇಲೆ. ‘ಕಾರ್ನರ್‌ನಾಗೆ ಹಿಡಿಯೋರೇ ಇಲ್ಲಲ್ಲೋ, ಕೋಚ್ ಏನ್ ಮಾಡ್ತಿದಾನೆ?’ ಎಂಬ ಮಾತು ಅಲ್ಲಿಂದ ಬರುತ್ತದೆ.

ಇದು ಆಟ ಬಲ್ಲವರ ಮಾತು. ಗಣೇಶನ ಹಬ್ಬ, ದಸರಾ ಬಂದರೆ ಈ ತಾಲ್ಲೂಕುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ಶುರು. ಕಲ್ಲು ಆಯ್ದು, ಮಣ್ಣು ಹದ ಮಾಡಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆದ ಅಂಗಳದ ಸುತ್ತ ಊರೇ ಸೇರುತ್ತದೆ. ಎದುರಾಳಿ ಅಂಗಳದಲ್ಲಿ ಆರು ಮಂದಿಗಿಂತ ಕಡಿಮೆ ಇದ್ದರೆ ಬೋನಸ್ ಇಲ್ಲ ಎಂಬುದು ಅಲ್ಲಿನ ಹತ್ತು ವರ್ಷದ ಹುಡುಗನಿಗೂ ಗೊತ್ತು. ರೈಡರ್ ಬೋನಸ್‌ಗಾಗಿ ಮುಂಗಾಲು ಗೆರೆ ದಾಟಿಸುವಾಗ ಅವನ ತೂಕವೆಲ್ಲ ಆ ಕಾಲಿನ ಮೇಲೆ ಬೀಳುತ್ತದೆ. ಮೂಲೆಯಲ್ಲಿ ನಿಂತವನು ಪಾದದ ಗಂಟಿಗೆ ಕೈ ಹಾಕಬೇಕಾದ್ದು ಆ ಒಂದು ಗಳಿಗೆಯಲ್ಲಿ. ಅರೆಗಳಿಗೆ ಮೊದಲು ನುಗ್ಗಿದರೆ ಮುಟ್ಟಿಸಿಕೊಂಡು ಔಟ್, ತಡವಾದರೆ ರೈಡರ್ ನಡುಗೆರೆ ಸೇರಿರುತ್ತಾನೆ. ಕಾರ್ನರ್ ನುಗ್ಗಿದಾಗ ಪಕ್ಕದ ಕವರ್ ಬೆನ್ನಿಗೆ ನಿಲ್ಲಲಿಲ್ಲ ಎಂದರೆ ಹಿಡಿತ ಬಿಟ್ಟಂತೆಯೇ. ಮಣ್ಣಿನಲ್ಲಿ ಇದನ್ನು ಕಲಿತವರಿಗೆ 2024ರ ಬುಲ್ಸ್ ರಕ್ಷಣೆಯ ದೌರ್ಬಲ್ಯವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕೋಚ್ ಪಾಲಿನ ತಪ್ಪು ಎಷ್ಟು? ಅಂಕಪಟ್ಟಿಯೇ ಒಂದು ಸುಳಿವು ಕೊಡುತ್ತದೆ. ಆ ಆವೃತ್ತಿಯಲ್ಲಿ ಗೆಲುವಿಗೆ 5, ಟೈಗೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದ ಸೋಲಿಗೆ 1 ಅಂಕ ಸಿಗುತ್ತಿತ್ತು. ಬುಲ್ಸ್ ಗಳಿಸಿದ್ದು 19 ಅಂಕ. ಎರಡು ಗೆಲುವು, ಒಂದು ಟೈನಿಂದ ಬಂದದ್ದು 13. ಉಳಿದ ಆರು ಅಂಕ ಸಣ್ಣ ಅಂತರದ ಆರು ಸೋಲುಗಳಿಂದ ಬಂದದ್ದು. ಆ ಆರರಲ್ಲಿ ಕೊನೆಯ ನಿಮಿಷಗಳ ತಂತ್ರ, ಬದಲಿ ಆಟಗಾರ, ಟೈಮ್‌ಔಟ್ ಬಳಕೆಯ ಬಗ್ಗೆ ಕೋಚ್‌ ಅವರನ್ನು ಪ್ರಶ್ನಿಸುವುದು ನ್ಯಾಯ. ಇನ್ನುಳಿದ 13 ಸೋಲುಗಳು ಎಂಟು ಅಥವಾ ಅದಕ್ಕಿಂತ ಹೆಚ್ಚು ಅಂಕಗಳ ಅಂತರದವು. ಅಂಥ ಸೋಲು ಒಂದೆರಡು ಪಂದ್ಯದಲ್ಲಿ ಬಂದರೆ ಆ ದಿನ ಸರಿಯಿರಲಿಲ್ಲ ಎನ್ನಬಹುದು. ಹದಿಮೂರು ಸಲ ಬಂದರೆ ತಂಡ ಕಟ್ಟಿದ ರೀತಿಯನ್ನೇ ಪ್ರಶ್ನಿಸಬೇಕು.

ಬುಲ್ಸ್ ಇತಿಹಾಸದಲ್ಲಿ ಒಂದು ಹಳೆಯ ಚಾಳಿ ಕಾಣುತ್ತದೆ. ಲೀಗ್‌ನಲ್ಲಿ 1,800ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದ ಪರ್ದೀಪ್ ನರ್ವಾಲ್ 2015ರಲ್ಲಿ ಮೊದಲು ಆಡಿದ್ದು ಬುಲ್ಸ್ ಪರವಾಗಿ. ಅವರು ಪಟ್ನಾ ಪೈರೇಟ್ಸ್‌ಗೆ ಹೋಗಿ ಸತತ ಮೂರು ಪ್ರಶಸ್ತಿ ಗೆದ್ದರು. ಮಂಜೀತ್ ಚಿಲ್ಲರ್ ನಾಯಕತ್ವದಲ್ಲಿ 2015ರ ಫೈನಲ್ ತಲುಪಿದ ತಂಡ ಮುಂದಿನ ಆವೃತ್ತಿಗೆ ಅವರನ್ನು ಉಳಿಸಿಕೊಳ್ಳಲಿಲ್ಲ. 2019ರ ಜನವರಿ 5ರ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38–33ರಿಂದ ಗೆದ್ದು ಬುಲ್ಸ್ ಚಾಂಪಿಯನ್ ಆದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. 2022ರ ಹರಾಜಿನಲ್ಲಿ ಅವರು ₹2.26 ಕೋಟಿಗೆ ತಮಿಳ್ ತಲೈವಾಸ್ ಸೇರಿದರು. ಪವನ್ ಹೋದ ವರ್ಷ ದಾಳಿಯ ಭಾರ ಹೊತ್ತ ಭರತ್ 2024ರಲ್ಲಿ ಯುಪಿ ಯೋಧಾಸ್ ಪಾಲಾದರು. ಅದೇ ಹರಾಜಿನಲ್ಲಿ ಬುಲ್ಸ್ ₹70 ಲಕ್ಷ ಕೊಟ್ಟು ಮರಳಿ ತಂದದ್ದು ಉತ್ತುಂಗದ ದಿನಗಳನ್ನು ದಾಟಿದ್ದ ಪರ್ದೀಪ್ ಅವರನ್ನು. 2025ರ ಹರಾಜಿನಲ್ಲಿ ಯಾರೂ ಕೊಳ್ಳದೇ ಹೋದಾಗ ಆ ಮಹಾನ್ ಆಟಗಾರ ನಿವೃತ್ತಿ ಘೋಷಿಸಿದರು. ಇಂಥ ತೀರ್ಮಾನಗಳಲ್ಲಿ ಕೋಚ್ ಪಾಲು ಇರುತ್ತದೆ, ಮಾಲೀಕರದೂ ಇರುತ್ತದೆ. ಆದರೆ ಸೋತಾಗ ಜಾಗ ಖಾಲಿ ಮಾಡುವುದು ಕೋಚ್ ಮಾತ್ರ.

ಕೋಚ್ ಬದಲಾದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆಗೆ ಈ ಲೀಗ್‌ನಲ್ಲೇ ಉತ್ತರವಿದೆ. 2019ರ ಫೈನಲ್‌ನಲ್ಲಿ ಬುಲ್ಸ್ ಎದುರು ಸೋತ ಗುಜರಾತ್ ತಂಡದ ಕೋಚ್ ಮನ್‌ಪ್ರೀತ್ ಸಿಂಗ್. ಅದಕ್ಕೂ ಹಿಂದಿನ ಫೈನಲ್‌ನಲ್ಲೂ ಅವರ ತಂಡ ಸೋತಿತ್ತು. ಆಮೇಲೆ ಅವರು ಹರಿಯಾಣ ಸ್ಟೀಲರ್ಸ್‌ಗೆ ಬಂದರು. 9ನೇ ಆವೃತ್ತಿಯಲ್ಲಿ ಹರಿಯಾಣ ಪ್ಲೇಆಫ್ ಕೂಡ ಮುಟ್ಟಲಿಲ್ಲ. ಮಾಲೀಕರು ಅವರನ್ನು ಕೈಬಿಡಲಿಲ್ಲ. ಮುಂದಿನ ವರ್ಷ ತಂಡ ಫೈನಲ್‌ಗೆ ಬಂದು ಸೋತಿತು, ಅದರ ಮುಂದಿನ ವರ್ಷ, ಬುಲ್ಸ್ ನೆಲಕಚ್ಚಿದ ಅದೇ 11ನೇ ಆವೃತ್ತಿಯಲ್ಲಿ, ಚಾಂಪಿಯನ್ ಆಯಿತು. ರಮೇಶ್ ಅವರನ್ನೇ ನೋಡಿ. ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಕೋಚ್ ಆಗಿ ಬೆಂಗಾಲ್ ವಾರಿಯರ್ಸ್‌ಗೆ 2019ರಲ್ಲಿ, ಪುಣೇರಿ ಪಲ್ಟನ್‌ಗೆ 10ನೇ ಆವೃತ್ತಿಯಲ್ಲಿ ಪ್ರಶಸ್ತಿ ತಂದುಕೊಟ್ಟವರು. ಅವರ ಪುಣೇರಿ ಮರುವರ್ಷವೇ ಪ್ಲೇಆಫ್ ತಲುಪಲಿಲ್ಲ. ಒಂದೇ ವರ್ಷದಲ್ಲಿ ಅವರ ಬುದ್ಧಿ ಮಂಕಾಯಿತೇ? ಕೋಚ್ ಎಂಬವರು ಮಂತ್ರವಾದಿ ಅಲ್ಲ. ಬುಲ್ಸ್‌ನಲ್ಲಿ ಅವರಿಗೆ ಸಿಕ್ಕ ಯಶಸ್ಸಿಗೂ ಹೊಸದಾಗಿ ಕಟ್ಟಿದ ತಂಡ, ಇರಾನ್‌ನ ಅಲಿರೆಜಾ ಮಿರ್ಜಾಯಿಯನ್ ಅವರಂಥ ಆಲ್‌ರೌಂಡರ್ ಬೆಂಬಲವಿತ್ತು.

ಕಬಡ್ಡಿಯ ಹಾಗೆಯೇ ಹಿಡಿತ, ಎದೆಗಾರಿಕೆಗಳ ಮೇಲೆ ನಿಂತ ಇನ್ನೊಂದು ಆಟ ರಗ್ಬಿ ಲೀಗ್. ಆಸ್ಟ್ರೇಲಿಯಾದ ಬ್ರಿಸ್ಬೇನ್ ಬ್ರಾಂಕೋಸ್ 2018ರ ಕೊನೆಗೆ ಹಿರಿಯ ಕೋಚ್ ವೇಯ್ನ್ ಬೆನೆಟ್ ಅವರನ್ನು ಕಳಿಸಿ ಆಂಟನಿ ಸೀಬೋಲ್ಡ್ ಅವರನ್ನು ತಂದಿತು. 2020ರಲ್ಲಿ 20 ಪಂದ್ಯಗಳಲ್ಲಿ ಮೂರೇ ಗೆಲುವು. ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಬಾರಿಗೆ ಕೊನೆಯ ಸ್ಥಾನ. ಸೀಬೋಲ್ಡ್ ಋತುವಿನ ಮಧ್ಯದಲ್ಲೇ ಹೊರನಡೆದರು. ಬಳಿಕ ಮತ್ತಿಬ್ಬರು ಕೋಚ್‌ಗಳು ಬಂದರು. 2023ರಲ್ಲಿ ಫೈನಲ್ ಸೋತ ಬ್ರಾಂಕೋಸ್ 2025ರಲ್ಲಿ ಚಾಂಪಿಯನ್ ಆಯಿತು. ಕೊನೆಯ ಸ್ಥಾನದಲ್ಲಿದ್ದ ಆ ತಂಡದ ಎಳೆಯ ಆಟಗಾರರಾದ ಪೇನ್ ಹಾಸ್, ಪ್ಯಾಟ್ರಿಕ್ ಕ್ಯಾರಿಗನ್ ಗೆದ್ದ ತಂಡದಲ್ಲೂ ಇದ್ದರು. ಕೋಚ್‌ಗಳು ಬದಲಾದರು, ತಂಡದ ತಿರುಳು ಉಳಿಯಿತು. ಬುಲ್ಸ್ ಮಾಡದೇ ಬಿಟ್ಟದ್ದು ಇದನ್ನೇ.

ಹೊನ್ನಾಳಿ, ನ್ಯಾಮತಿ ಕಡೆ ಹೋರಿ ಹಬ್ಬದ ಅಖಾಡದಲ್ಲಿ ಹೋರಿ ಕೈಗೆ ಸಿಕ್ಕಿಬಿದ್ದರೆ, ವರ್ಷವಿಡೀ ಅದನ್ನು ಸಾಕಿದ್ದು ಹೇಗೆ ಎಂದೂ ಊರು ಕೇಳುತ್ತದೆ. ಬುಲ್ಸ್ ವಿಷಯದಲ್ಲೂ ಆ ಪ್ರಶ್ನೆ ಏಳಬೇಕು. ತಂಡದ ಹೆಸರಲ್ಲಿ ಬೆಂಗಳೂರು ಇದೆ, ಆಟ ಬೆಂಗಳೂರಲ್ಲಿಲ್ಲ. 2017ರ ತವರಿನ ಪಂದ್ಯಗಳು ನಡೆದದ್ದು ನಾಗಪುರದಲ್ಲಿ, ಪ್ರಶಸ್ತಿ ಗೆದ್ದ ಆವೃತ್ತಿಯಲ್ಲಿ ಪುಣೆಯಲ್ಲಿ. 8ನೇ ಆವೃತ್ತಿ ಪೂರ್ತಿ ಬೆಂಗಳೂರಲ್ಲಿ ನಡೆದರೂ ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಆಡಿದ ಮೇಲೆ 11, 12ನೇ ಆವೃತ್ತಿಗಳ ಒಂದು ಪಂದ್ಯವೂ ಕರ್ನಾಟಕದಲ್ಲಿ ನಡೆಯಲಿಲ್ಲ. ಹೈದರಾಬಾದ್, ನೋಯ್ಡಾ, ಪುಣೆ, ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ ಲೀಗ್ ಸುತ್ತಿತು. ತವರಿನ ಜನ ಎದುರಿಗೆ ಕೂತಿದ್ದರೆ ಸೋಲಿನ ಬಿಸಿ ಆಡಳಿತಕ್ಕೆ ನೇರ ತಟ್ಟುತ್ತಿತ್ತು. ಈಗ ಅದು ಮೊಬೈಲ್ ಪರದೆಯ ಈಚೆಗೇ ಉಳಿಯುತ್ತದೆ.

ಅಭಿಮಾನಿಗಳ ಇನ್ನೊಂದು ನೋವು, ನಮ್ಮ ತಂಡದಲ್ಲಿ ನಮ್ಮ ಹುಡುಗರು ಎಲ್ಲಿ ಎಂಬುದು. ಗೆಲ್ಲುವ ತಂಡಕ್ಕೆ ಹರಿಯಾಣದ ಆಟಗಾರ ಬೇಕು, ಇರಾನ್‌ನವರೂ ಬೇಕು, ಅದರಲ್ಲಿ ತಕರಾರಿಲ್ಲ. ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಅವರಂಥ ಕರಾವಳಿಯ ರೈಡರ್‌ಗಳು ಈ ಲೀಗ್‌ನ ಬೇರೆ ತಂಡಗಳಲ್ಲಿ ಹೆಸರು ಮಾಡಿದ್ದೂ ಸತ್ಯ. ಬಯಲುಸೀಮೆಯ ಹುಡುಗನಿಗೆ ಮಾತ್ರ ದಾರಿ ಇನ್ನೂ ಕಡಿದು. ಶಾಲಾ ಕ್ರೀಡಾಕೂಟದ ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟ ದಾಟುವವರೆಗೆ ಅವನು ಆಡುವುದು ಮಣ್ಣಿನ ಮೇಲೆ, ಬರಿಗಾಲಲ್ಲಿ. ಮುಂದಿನ ಹಂತದಲ್ಲಿ ಮ್ಯಾಟ್, ಶೂ. ಮಣ್ಣಿನಲ್ಲಿ ಜಾರಿ ತಿರುಗುವ ಕಾಲು ಮ್ಯಾಟ್ ಮೇಲೆ ಕಚ್ಚಿಕೊಳ್ಳುತ್ತದೆ. ಅಭ್ಯಾಸವಿಲ್ಲದವನ ಮಂಡಿ, ಪಾದದ ಗಂಟು ಉಳುಕುತ್ತದೆ. ಜಗಳೂರಿನಂಥ ಬರದ ತಾಲ್ಲೂಕಿನ ಕೂಲಿ ಕುಟುಂಬದ ಹುಡುಗನಿಗೆ ಒಮ್ಮೆ ಮಂಡಿ ಹೋದರೆ ಆಟದ ಜೊತೆ ದುಡಿಮೆಯೂ ಹೋಗುತ್ತದೆ. ತಾಲ್ಲೂಕಿಗೊಂದು ಮ್ಯಾಟ್, ಅದರ ಮೇಲೆ ಕಲಿಸುವ ಒಬ್ಬ ತರಬೇತುದಾರ: ಕ್ರೀಡಾ ಇಲಾಖೆ, ರಾಜ್ಯ ಕಬಡ್ಡಿ ಸಂಸ್ಥೆ, ಬುಲ್ಸ್ ಆಡಳಿತ ಕೂಡಿದರೆ ಇದು ದೊಡ್ಡ ಮಾತಲ್ಲ.

ರಣಧೀರ್ ಅವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಒಂದು ಪ್ರಶಸ್ತಿ, ಇನ್ನೊಂದು ಫೈನಲ್, 7, 8, 9ನೇ ಆವೃತ್ತಿಗಳಲ್ಲಿ ಸತತ ಮೂರು ಸೆಮಿಫೈನಲ್: ಇದು ಅವರ ಕಾಲದ ಗಳಿಕೆ. 10ನೇ ಆವೃತ್ತಿಯಲ್ಲಿ ತಂಡ ಎಂಟನೇ ಸ್ಥಾನಕ್ಕೆ ಇಳಿದಾಗಲೇ ಎಚ್ಚರಿಕೆಯ ಗಂಟೆ ಮೊಳಗಿತ್ತು. ಆಗ ಬದಲಾವಣೆ ತಂದಿದ್ದರೆ ಅವರೂ ಗೌರವದಿಂದ ಹೋಗುತ್ತಿದ್ದರು, ತಂಡವೂ ಅಷ್ಟು ಕೆಳಗೆ ಬೀಳುತ್ತಿರಲಿಲ್ಲ. ಹನ್ನೊಂದು ಆವೃತ್ತಿ ದುಡಿದವರನ್ನು ಕೊನೆಯ ಒಂದು ಆವೃತ್ತಿಯಿಂದಲೇ ಅಳೆದರೆ ಅದು ಅನ್ಯಾಯ. ಅವರು ಚಾಂಪಿಯನ್ ಕೋಚ್ ಎಂಬುದನ್ನು ಇಂದು ಕಟುವಾಗಿ ಮಾತಾಡುವ ಅಭಿಮಾನಿಯೂ ಒಪ್ಪಬೇಕು.

ಅಭಿಮಾನಿಯ ಸಿಟ್ಟು ತಂಡದ ಆಸ್ತಿ. ತಂಡ ತಮ್ಮದು ಎಂದುಕೊಂಡವರಿಗೆ ಮಾತ್ರ ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ಕೋಚ್ ಒಬ್ಬರನ್ನು ಒಪ್ಪಿಸಿ ಆಡಳಿತ ಕೈತೊಳೆದುಕೊಂಡರೆ ಮುಂದಿನ ಕುಸಿತದಲ್ಲಿ ರಮೇಶ್ ಅವರಿಗೂ ಇದೇ ಗತಿ. ಹಾಗಾಗಿ ಬೇಡಿಕೆಗಳು ಸ್ಪಷ್ಟವಾಗಿರಲಿ. ಪ್ರತಿ ಹರಾಜಿನ ನಂತರ ಯಾರನ್ನು ಏಕೆ ಬಿಟ್ಟೆವು ಎಂದು ಆಡಳಿತ ಬಹಿರಂಗವಾಗಿ ಹೇಳಲಿ. ಎಳೆಯ ಆಟಗಾರರ ಒಂದು ತಿರುಳನ್ನು ಕನಿಷ್ಠ ಮೂರು ಆವೃತ್ತಿ ಉಳಿಸಿಕೊಳ್ಳಲಿ. ಕಂಠೀರವಕ್ಕೆ ಪಂದ್ಯಗಳನ್ನು ಮರಳಿ ತರಲು ಆಡಳಿತವೂ ರಾಜ್ಯ ಸರ್ಕಾರವೂ ಲೀಗ್ ಮುಂದೆ ಪಟ್ಟು ಹಿಡಿಯಲಿ. ಆಟಗಾರರ ಆಯ್ಕೆ ಶಿಬಿರ ಬೆಂಗಳೂರು ದಾಟಿ ದಾವಣಗೆರೆಗೂ ಬರಲಿ. ಕೋಚ್ ಯಾರೇ ಇರಲಿ, ಈ ನಾಲ್ಕು ಕೆಲಸ ಆಗದಿದ್ದರೆ 2024 ಮರುಕಳಿಸುತ್ತದೆ. ಆದರೆ, ಸೋತ ವರ್ಷವೂ ಚನ್ನಗಿರಿ, ಜಗಳೂರಿನ ಜನ ಬುಲ್ಸ್ ನಮ್ಮದು ಎಂದೇ ಹೇಳುತ್ತಾರೆ.