ಸಿಕಿಯ ಗುದ್ದು, ದೊಡ್ಡವರ ತಕ್ಕಡಿ

ಮುಷ್ಟಿಯುದ್ಧದ ಚರಿತ್ರೆ ಬರೆಯುವ ಮಹಾಶಯರು ಬ್ಯಾಟ್ಲಿಂಗ್ ಸಿಕಿಗೆ ಎರಡು ಸಾಲು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ವರಸೆ ಗೊತ್ತಿಲ್ಲದ ಒರಟ, ಕುಡುಕ, ಸಿಂಹದ ಮರಿ ಹಿಡಿದುಕೊಂಡು ಪ್ಯಾರಿಸ್ಸಿನ ಬೀದಿ ಸುತ್ತಿದವನು, ಒಂದು ದಿನ ಹಣೆಬರಹ ಚೆನ್ನಾಗಿದ್ದು ಗೆದ್ದ. ಇಷ್ಟೇ ಅವರ ಚರಿತ್ರೆ. ನಾವು ಇದನ್ನು ಒಪ್ಪುವುದಿಲ್ಲ.

ಒರಟನೆಂಬುದು ಸುಳ್ಳಲ್ಲ. ಕುಡಿಯುತ್ತಿದ್ದನೆಂಬುದೂ ಸುಳ್ಳಲ್ಲ. ಬಗ್ಗಿ ನುಗ್ಗುವುದು, ನೆಗೆಯುವುದು, ದೂರದಿಂದ ತೋಳು ಬೀಸಿ ಗುದ್ದುವುದು, ಇದು ಅವನ ರೀತಿ. ಗರಡಿಯ ಉಸ್ತಾದರು ನೋಡಿದರೆ ಹಣೆ ಚಚ್ಚಿಕೊಂಡಾರು. ಆದರೆ ಎಷ್ಟು ಪೆಟ್ಟು ತಿಂದರೂ ಹಿಂದಕ್ಕೆ ಸರಿಯುವವನಲ್ಲ. ಜನ ದುಡ್ಡು ಕೊಟ್ಟು ನೋಡಿದ್ದು ಅದನ್ನು. ನಾವು ಮೇಷ್ಟರಾಗಿದ್ದಾಗ ಲೆಕ್ಕವನ್ನು ತನ್ನದೇ ದಾರಿಯಲ್ಲಿ ಮಾಡಿ ಸರಿಯುತ್ತರ ತಂದ ಹುಡುಗನಿಗೂ ಏಟು ಕೊಟ್ಟದ್ದುಂಟು. ಸಿಕಿಯ ಕಥೆ ಓದುವಾಗ ಅದು ನೆನಪಾಗಿ ನಾಚಿಕೆಯಾಗುತ್ತದೆ.

ಅವನು ಹುಟ್ಟಿದ್ದು 1897ರಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿದ್ದ ಸೆನೆಗಾಲಿನ ಸೇಂಟ್ ಲೂಯಿ ಪಟ್ಟಣದಲ್ಲಿ. ಹುಡುಗನಾಗಿದ್ದಾಗಲೇ ಫ್ರಾನ್ಸ್ ಸೇರಿದ. ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದ ಪರವಾಗಿ ಕಾದಾಡಿ ಶೌರ್ಯದ ಪದಕ ಪಡೆದ. ಗುಂಡಿಗೆ ಎದೆಯೊಡ್ಡುವಾಗ ಅವನು ಫ್ರಾನ್ಸಿನ ವೀರಪುತ್ರ. ಫ್ರಾನ್ಸಿನ ಮುದ್ದಿನ ಮಲ್ಲನಿಗೆ ಗುದ್ದಿದ ದಿನದಿಂದ ಏನಾದ? ಚಿಂಪಾಂಜಿ! ಇದು ನಮ್ಮ ಮಾತಲ್ಲ, ಆಗಿನ ಪತ್ರಿಕೆಗಳ ಹಾಸ್ಯ.

1922ರ ಸೆಪ್ಟೆಂಬರ್ 24. ಪ್ಯಾರಿಸ್ಸಿನ ಬಳಿಯ ಬಫೆಲೊ ಮೈದಾನದಲ್ಲಿ ಹತ್ತಾರು ಸಾವಿರ ಜನ. ಎದುರಾಳಿ ಜಾರ್ಜ್ ಕಾರ್ಪೆಂಟಿಯರ್, ಲೈಟ್ ಹೆವಿವೈಟ್ ಜಗಜ್ಜೇತ, ಸುಂದರಾಂಗ. (ಅವನೂ ಕಲ್ಲಿದ್ದಲ ಗಣಿ ಪ್ರದೇಶದಿಂದ ಬಂದವನೇ, ಅವನ ಮೇಲೆ ನಮಗೆ ದ್ವೇಷವಿಲ್ಲ.) ಮೊದಲ ಸುತ್ತುಗಳಲ್ಲಿ ಸಿಕಿ ನೆಲಕ್ಕೆ ಬಿದ್ದ. ತಾನು ಸೋಲಬೇಕೆಂದು ಮೊದಲೇ ಒಪ್ಪಂದವಾಗಿತ್ತೆಂದು ಆಮೇಲೆ ಅವನೇ ಬಾಯಿಬಿಟ್ಟ. ಒಪ್ಪಂದವನ್ನು ಮುರಿಯಲು ಅಖಾಡದೊಳಗೇ ಮನಸ್ಸು ಮಾಡಿದನಂತೆ. ಎದ್ದ, ನುಗ್ಗಿದ, ಕಾರ್ಪೆಂಟಿಯರನ ಮುಖ ಊದಿ ಕಣ್ಣು ಮುಚ್ಚುವ ತನಕ ಬಡಿದ. ಆರನೆಯ ಸುತ್ತಿನಲ್ಲಿ ಜಗಜ್ಜೇತ ಅಂಗಾತ ಬಿದ್ದ.

ಆಗ ರೆಫರಿ ಏನೆಂದ ಗೊತ್ತೇ? ಸಿಕಿ ಕಾಲು ಕೊಟ್ಟು ಕೆಡವಿದ, ಆದ್ದರಿಂದ ಬಿದ್ದವನೇ ಗೆದ್ದ! ನಮ್ಮ ಪೇಟೆಯ ಅಂಗಡಿಯ ಬಂಧುಗಳು ಸಗಟು ಸಾಹುಕಾರನ ತಕ್ಕಡಿಯನ್ನು ಬಲ್ಲರು; ಮುಳ್ಳು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಆದರೆ ಅಂದು ಮೈದಾನದ ಜನ ಬಿಡಲಿಲ್ಲ. ಬಿಳಿಯ ಫ್ರೆಂಚ್ ಜನರೇ, ಕಾರ್ಪೆಂಟಿಯರನಿಗೆ ಜಯಕಾರ ಹಾಕಲು ಬಂದಿದ್ದವರೇ, ಅನ್ಯಾಯವೆಂದು ಬೊಬ್ಬೆ ಹೊಡೆದರು. ಕೊನೆಗೆ ತೀರ್ಪುಗಾರರು ಗೆಲುವನ್ನು ಗೆದ್ದವನಿಗೇ ಕೊಟ್ಟರು. ಕಪ್ಪು ಬಿಳಿಯರ ಜಗಳ ಪ್ರಕೃತಿಸಹಜವೆಂದು ಹೇಳುವವರು ಈ ಬೊಬ್ಬೆಗೆ ಏನು ಉತ್ತರ ಕೊಡುತ್ತಾರೆ?

ಮೈದಾನದಲ್ಲಿ ಸೋತವರು ಕಚೇರಿಯಲ್ಲಿ ಸೇಡು ತೀರಿಸಿಕೊಂಡರು. ಕೆಲವೇ ವಾರಗಳಲ್ಲಿ, ಇನ್ನೊಬ್ಬರ ಪಂದ್ಯದಲ್ಲಿ ನಡೆದ ಕೈಕೈ ಮಿಲಾಯಿಸಿದ ಪ್ರಸಂಗವನ್ನೇ ನೆಪಮಾಡಿ, ಫ್ರೆಂಚ್ ಮುಷ್ಟಿಯುದ್ಧ ಸಂಘ ಅವನ ಲೈಸೆನ್ಸನ್ನು ಅಮಾನತಿನಲ್ಲಿಟ್ಟಿತು. ಲಂಡನ್ನಿನಲ್ಲಿ ಜೋ ಬೆಕೆಟ್‌ನೊಡನೆ ಗೊತ್ತಾಗಿದ್ದ ಪಂದ್ಯವನ್ನು ಇಂಗ್ಲಿಷ್ ಸರಕಾರ ನಿಲ್ಲಿಸಿತು. ಕಪ್ಪು ಮನುಷ್ಯ ಬಿಳಿಯನನ್ನು ಕೆಡವುವುದನ್ನು ವಸಾಹತುಗಳ ಪ್ರಜೆ ನೋಡಬಾರದಲ್ಲ! ಸೆನೆಗಾಲಿನ ಪ್ರತಿನಿಧಿ ಬ್ಲೇಸ್ ದಿಯಾನ್ ಫ್ರೆಂಚ್ ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಪ್ರಶ್ನೆ ಮಾಡಿದ. ಮುಂದೆ ಹೊ ಚಿ ಮಿನ್ ಎಂದು ಹೆಸರಾದ ವಿಯೆಟ್ನಾಮಿನ ತರುಣ ‘ಲ ಪಾರಿಯಾ’ ಪತ್ರಿಕೆಯಲ್ಲಿ ಸಿಕಿಯ ವಿಷಯ ಬರೆದ. ಆ ‘ಪಾರಿಯಾ’ ಎಂಬ ಮಾತು ಯುರೋಪಿಗೆ ಹೋದದ್ದು ತಮಿಳುನಾಡಿನ ಪರೈಯರ್ ಜಾತಿಯ ಹೆಸರಿನಿಂದ. ಪರರ ವರ್ಣದ್ವೇಷವನ್ನು ಬಯ್ಯುವ ನಮ್ಮವರು ಇದನ್ನೂ ಕೇಳಿಸಿಕೊಳ್ಳಲಿ.

1923ರ ಮಾರ್ಚ್ 17ರಂದು ಅವನು ಡಬ್ಲಿನ್ನಿನಲ್ಲಿ, ಐರಿಷರ ಹಬ್ಬದ ದಿನ, ಐರಿಷ್ ಮಲ್ಲ ಮೈಕ್ ಮೆಕ್‌ಟೀಗನೊಡನೆ ಪಟ್ಟವನ್ನು ಪಣಕ್ಕಿಟ್ಟು ಕಾದಿದ. ಇಪ್ಪತ್ತು ಸುತ್ತು ನಡೆದು ಅಂಕಗಳ ಮೇಲೆ ಸೋತ. ಅಮೆರಿಕಕ್ಕೆ ಹೋದ. ಅಲ್ಲಿ ಸೋಲು ಹೆಚ್ಚಿತು, ಕುಡಿತ ಹೆಚ್ಚಿತು. 1925ರ ಡಿಸೆಂಬರ್ 15ರಂದು ನ್ಯೂಯಾರ್ಕಿನ ಬೀದಿಯಲ್ಲಿ ಯಾರೋ ಬೆನ್ನಿಗೆ ಗುಂಡು ಹೊಡೆದು ಕೊಂದರು. ವಯಸ್ಸು ಇಪ್ಪತ್ತೆಂಟು. ಎದುರು ನಿಂತು ಅವನನ್ನು ಕೆಡವುವುದು ಸುಲಭವಲ್ಲವೆಂದು ಹಂತಕರಿಗೂ ಗೊತ್ತಿದ್ದಿರಬೇಕು.

ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅವನ ಅಸ್ಥಿಯನ್ನು ಸೆನೆಗಾಲಿಗೆ ತಂದದ್ದು 1993ರಲ್ಲಿ.