ಕುರಿ ತುಳಿದ ಹಾದಿ

ನೂರ ಹನ್ನೊಂದು ಮೀಟರ್ ಅಗಲದ ಒಂದು ರಸ್ತೆ. ನಮ್ಮ ರಾಷ್ಟ್ರೀಯ ಹೆದ್ದಾರಿಗಳಿಗೂ ಇಷ್ಟು ಅಗಲವಿಲ್ಲ. ಉದ್ದ 244 ಕಿಲೋಮೀಟರ್. ಅದಕ್ಕೆ ಜಲ್ಲಿ ಹಾಕಿದವರಿಲ್ಲ, ಡಾಂಬರು ಸುರಿದವರಿಲ್ಲ. ಹುಲ್ಲೇ ಅದರ ಹಾಸು. ಇಟಲಿಯ ಅಬ್ರುಝೋ ಪ್ರಾಂತದ ಲಾಕ್ವಿಲಾ ಪಟ್ಟಣದಿಂದ ಹೊರಟು ದಕ್ಷಿಣದ ಪೂಲ್ಯಾ ಬಯಲಿನ ಫೋಜ್ಜಾ ಪಟ್ಟಣ ಮುಟ್ಟುವ ಈ ರಸ್ತೆ ಮನುಷ್ಯರಿಗಾಗಿ ಆದದ್ದಲ್ಲ, ಕುರಿಗಳಿಗಾಗಿ. ಇಂಥ ದಾರಿಯನ್ನು ಅಲ್ಲಿನವರು 'ತ್ರಾತ್ತೂರೊ' ಎನ್ನುತ್ತಾರೆ. ಅಗಲವನ್ನು ಆಗ ಅರವತ್ತು ನೇಪಲ್ಸ್ ಹೆಜ್ಜೆ ಎಂದು ಗೊತ್ತುಮಾಡಿದ್ದರು.

ಇಷ್ಟು ಅಗಲ ಏಕೆ? ಕಾರಣ ಸರಳ. ಮನುಷ್ಯ ಬುತ್ತಿ ಕಟ್ಟಿಕೊಂಡು ನಡೆಯುತ್ತಾನೆ, ಕುರಿ ಮೇಯುತ್ತಾ ನಡೆಯುತ್ತದೆ. ಅದಕ್ಕೆ ದಾರಿಯೂ ಊಟವೂ ಒಂದೇ. ದಾರಿ ಇಕ್ಕಟ್ಟಾದರೆ ಮುಂದಿನ ಮಂದೆ ಬೋಳಿಸಿಹೋದ ನೆಲದ ಮೇಲೆ ಹಿಂದಿನ ಮಂದೆ ಉಪವಾಸ ನಡೆಯಬೇಕು, ಇಲ್ಲವೇ ಅಕ್ಕಪಕ್ಕದ ಗೋಧಿ ಹೊಲಕ್ಕೆ ಬಾಯಿ ಹಾಕಬೇಕು. ಎರಡೂ ಜಗಳಕ್ಕೆ ದಾರಿ.

ಅಬ್ರುಝೋ ಇರುವುದು ರೋಮ್ ನಗರದ ಪೂರ್ವಕ್ಕೆ, ಅಪೆನೈನ್ ಪರ್ವತ ಸಾಲಿನ ಅತಿ ಎತ್ತರದ ಭಾಗದಲ್ಲಿ. ಆ ಸಾಲಿನ ಹಿರಿಯ ಶಿಖರ ಕೋರ್ನೊ ಗ್ರಾಂದೆ, 2912 ಮೀಟರ್, ಇಲ್ಲಿಯದೇ. ಬೇಸಗೆಯಲ್ಲಿ ಈ ಎತ್ತರದ ಹುಲ್ಲುಗಾವಲುಗಳಿಗೆ ಸಾಟಿಯಿಲ್ಲ. ಚಳಿಗಾಲದಲ್ಲಿ ಆಳೆತ್ತರದ ಹಿಮ. ಪೂಲ್ಯಾ ಬಯಲಿನ ಕಥೆ ತದ್ವಿರುದ್ಧ. ಅಲ್ಲಿ ಚಳಿಗಾಲದಲ್ಲಿ ಹಸಿರು, ಬೇಸಗೆಯಲ್ಲಿ ಒಣಗಿದ ನೆಲ. ಹೀಗಾಗಿ ಸೆಪ್ಟೆಂಬರ್ ಕೊನೆಗೆ ಕುರಿಗಳು ಇಳಿಯುತ್ತಿದ್ದವು, ಮೇ ತಿಂಗಳಿಗೆ ಮರಳಿ ಏರುತ್ತಿದ್ದವು. ಒಂದೊಂದು ಪಯಣಕ್ಕೂ ಎರಡು ವಾರದ ಆಸುಪಾಸು. 1447ರಲ್ಲಿ ನೇಪಲ್ಸಿನ ದೊರೆ ಆಲ್ಫಾನ್ಸೊ ಇದಕ್ಕೊಂದು ಇಲಾಖೆಯನ್ನೇ ತೆರೆದ. ಕುರಿ ಎಣಿಸುವುದು, ಹುಲ್ಲಿನ ಕಂದಾಯ ವಸೂಲಿ ಮಾಡುವುದು, ದಾರಿ ಒತ್ತುವರಿಯಾಗದಂತೆ ಕಾಯುವುದು ಅದರ ಕೆಲಸ. ಆ ಶತಮಾನ ಮುಗಿಯುವುದರೊಳಗೆ ಲೆಕ್ಕಕ್ಕೆ ಸಿಕ್ಕ ಕುರಿಗಳ ಸಂಖ್ಯೆಯೇ ಹತ್ತು ಲಕ್ಷ ಮೀರಿತ್ತು. ಲೆಕ್ಕಕ್ಕೆ ಸಿಗದವು ಎಷ್ಟೋ! ಕಂದಾಯವಿದ್ದ ಕಡೆ ಕಳ್ಳಲೆಕ್ಕ ಇದ್ದೇ ಇರುತ್ತದೆ.

ಗಂಡಸರು ವರ್ಷದ ಎಂಟು ತಿಂಗಳು ಮಂದೆಯ ಹಿಂದೆ. ಊರಿನಲ್ಲಿ ಉಳಿದ ಹೆಂಗಸರು ಹೊಲ, ಮನೆ, ಮಕ್ಕಳು, ಮುದುಕರು ಎಲ್ಲವನ್ನೂ ಹಿಮದ ನಡುವೆ ನಿಭಾಯಿಸಬೇಕಿತ್ತು. ದೊಡ್ಡ ಕುರಿದಾರಿಗಳಿಂದ ಕವಲೊಡೆದ ನೂರಾರು ಸಣ್ಣ ಕಾಲುದಾರಿಗಳಿವೆ. ಊರಿಂದ ಹುಲ್ಲುಗಾವಲಿಗೆ, ಹುಲ್ಲುಗಾವಲಿಂದ ನೀರಿನ ತೊಟ್ಟಿಗೆ, ಅಲ್ಲಿಂದ ಚರ್ಚಿಗೆ. ಇಂದು ಹೆಗಲಿಗೆ ಚೀಲ ಹಾಕಿ ಅಬ್ರುಝೋಗೆ ಬರುವ ಚಾರಣಿಗರು ನಡೆಯುವುದು ಬಹುಪಾಲು ಇವುಗಳ ಮೇಲೆಯೇ. ವಿಹಾರಕ್ಕೆಂದು ಯಾರೂ ಕಡಿದ ದಾರಿಗಳಲ್ಲ ಇವು.

1806ರಲ್ಲಿ ಆ ಕುರಿ ಇಲಾಖೆ ರದ್ದಾಯಿತು. ಪೂಲ್ಯಾದ ಹುಲ್ಲುಬಯಲಿಗೆ ನೇಗಿಲು ಬಿತ್ತು. ಇಪ್ಪತ್ತನೇ ಶತಮಾನದಲ್ಲಿ ಉಳಿದ ಕುರಿಗಳು ರೈಲು, ಲಾರಿ ಹತ್ತಿದವು. ಕುರಿಯಿಲ್ಲದ ಮೇಲೆ ಬೆಟ್ಟದಲ್ಲಿ ಮನುಷ್ಯನಿಗೇನು ಕೆಲಸ? ಜನ ಗುಳೆ ಹೊರಟರು. ಅಮೆರಿಕಕ್ಕೆ, ಆಸ್ಟ್ರೇಲಿಯಕ್ಕೆ, ಬೆಲ್ಜಿಯಂನ ಕಲ್ಲಿದ್ದಲ ಗಣಿಗಳಿಗೆ. 1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಹೊತ್ತಿ 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಲಿಯವರು. ಆ 136ರಲ್ಲಿ ಸುಮಾರು 60 ಮಂದಿ ಅಬ್ರುಝೋ ಒಂದರಿಂದಲೇ ಹೋದವರು. ಬೆಟ್ಟದ ಮೇಲೆ, ಬಯಲಲ್ಲಿ, ಬಿಸಿಲಿನಲ್ಲಿ ತಲೆಮಾರುಗಳಿಂದ ನಡೆದ ಜನ ನೆಲದಡಿಯ ಕತ್ತಲಲ್ಲಿ ಉಸಿರುಗಟ್ಟಿ ಸತ್ತರು.

ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ಎಂಬ ಕಲ್ಲುಮನೆಗಳ ಹಳ್ಳಿಯಿದೆ, 1250 ಮೀಟರ್ ಎತ್ತರದಲ್ಲಿ. ಫ್ಲಾರೆನ್ಸಿನ ಮೆದಿಚಿ ಮನೆತನ ಒಂದು ಕಾಲದಲ್ಲಿ ಇದನ್ನು ಉಣ್ಣೆಯ ವ್ಯಾಪಾರಕ್ಕಾಗಿ ಕೈವಶ ಮಾಡಿಕೊಂಡಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದ ಊರಿನಲ್ಲಿ ಈಗ ನೂರರ ಆಸುಪಾಸು. ಅಲ್ಲಿ ಬೆಳೆಯುವ ಪುಟ್ಟ ಚನ್ನಂಗಿ ಕಾಳಿಗೆ ಮಾತ್ರ ಇಟಲಿಯಲ್ಲೆಲ್ಲ ಹೆಸರು. 2009ರ ಏಪ್ರಿಲ್ 6ರ ಭೂಕಂಪದಲ್ಲಿ, ಲಾಕ್ವಿಲಾ ಮತ್ತು ಸುತ್ತಲ ಊರುಗಳಲ್ಲಿ 309 ಜನರನ್ನು ಬಲಿ ತೆಗೆದುಕೊಂಡದ್ದದು, ಊರಿನ ಹಳೆಯ ಗೋಪುರ ಕುಸಿಯಿತು. ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಗೋಪುರವನ್ನೇನೋ ಕಟ್ಟಬಹುದು. ಊರು ಬಿಟ್ಟವರನ್ನು?

ಜನ ಬಿಟ್ಟ ದಾರಿಗೆ ಏನಾಗುತ್ತದೆ ಎಂಬುದು ಸಸ್ಯಶಾಸ್ತ್ರದ ಒಳ್ಳೆಯ ಪಾಠ. ಗೊರಸು ತುಳಿದ ನೆಲ ಗಟ್ಟಿಯಾಗುತ್ತದೆ, ಮಣ್ಣಿನ ಕಣಗಳ ನಡುವಣ ಗಾಳಿ ಹೊರಹೋಗುತ್ತದೆ, ಬೀಜ ಮೊಳೆತರೂ ಬೇರಿಳಿಯುವುದು ಕಷ್ಟ. ಅಷ್ಟರ ಮೇಲೂ ತಲೆಯೆತ್ತಿದ ಚಿಗುರನ್ನು ಕುರಿ ಕಚ್ಚುತ್ತದೆ. ತುಳಿತ ನಿಂತಿತೆನ್ನಿ. ಹಿಮ ಕಟ್ಟುವ ಕರಗುವ ಆಟದಲ್ಲಿ ಮಣ್ಣು ಸಡಿಲಗೊಳ್ಳುತ್ತದೆ. ಮೊದಲು ಎತ್ತರದ ಹುಲ್ಲು, ಆಮೇಲೆ ಮುಳ್ಳುಪೊದೆ ಮತ್ತು ಜುನಿಪರ್, ಅವುಗಳ ನೆರಳಲ್ಲಿ ಬೀಚ್ ಮರದ ಸಸಿ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅಜ್ಜ ನಡೆದ ದಾರಿ ಮೊಮ್ಮಗನಿಗೆ ಸಿಗುವುದಿಲ್ಲ. ಕಾಡು ಬೆಳೆದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ತೋಳಕ್ಕೂ ಕರಡಿಗೂ ಒಳ್ಳೆಯದೇ. ಆದರೆ ಮೇವಿನ ಬಯಲನ್ನೇ ನಂಬಿದ ಹೂಗಿಡಗಳು, ಚಿಟ್ಟೆಗಳು ಅದರ ಜೊತೆಗೇ ಕಾಣೆಯಾಗುತ್ತವೆ.

ಗೊರಸಿನ ಕೆಲಸವನ್ನು ಈಗ ಬೂಟುಗಳು ಮಾಡುತ್ತಿವೆ. 1863ರಲ್ಲಿ ಟ್ಯೂರಿನ್‌ನಲ್ಲಿ ಹುಟ್ಟಿದ ಇಟಲಿಯ ಆಲ್ಪೈನ್ ಕ್ಲಬ್ಬಿನ ಸ್ವಯಂಸೇವಕರು ಕುಡುಗೋಲು, ಗರಗಸ, ಬಣ್ಣದ ಡಬ್ಬಿ ಹಿಡಿದು ದಾರಿ ಸವರುತ್ತಾರೆ. ಬಂಡೆಯ ಮೇಲೆ, ಮರದ ಕಾಂಡದ ಮೇಲೆ ಕೆಂಪು-ಬಿಳಿ ಪಟ್ಟಿ ಬಳಿಯುತ್ತಾರೆ. ಕವಲು ಬಂದಲ್ಲಿ ಒಂದು ಫಲಕ. ಅದರಲ್ಲಿ ಕಿಲೋಮೀಟರ್ ಅಲ್ಲ, ಗಂಟೆ ಬರೆದಿರುತ್ತದೆ. ಬೆಟ್ಟದಲ್ಲಿ ದೂರವೆಂಬುದು ದಾರಿತಪ್ಪಿಸುವ ಅಳತೆ ಎಂದು ಕುರುಬರಿಗೆ ಮೊದಲೇ ಗೊತ್ತಿತ್ತು. ಸ್ಕಾಟ್ಲೆಂಡಿನ ನೇಸ್ಮಿತ್ 1892ರಲ್ಲಿ ಅದಕ್ಕೊಂದು ಸೂತ್ರ ಕೊಟ್ಟ. ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಮೇಲೇರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ.

ಕಾಂಪೊ ಇಂಪೆರಾತೋರೆ ಎಂಬ ವಿಶಾಲ ಪ್ರಸ್ಥಭೂಮಿಯ ಅಂಚಿನಲ್ಲಿ, 2130 ಮೀಟರ್ ಎತ್ತರದಲ್ಲಿ ಒಂದು ಹೋಟೆಲಿದೆ. 1943ರಲ್ಲಿ ಮುಸೊಲಿನಿಯನ್ನು ಸೆರೆಯಿಟ್ಟದ್ದು ಅಲ್ಲಿಯೇ. ಅಲ್ಲಿಂದ ಕೋರ್ನೊ ಗ್ರಾಂದೆಯ ತುದಿಗೆ ಏರು 780 ಮೀಟರಿನಷ್ಟು, ದೂರ ನಾಲ್ಕೂವರೆ ಕಿ.ಮೀ. ಆಸುಪಾಸು. ನೇಸ್ಮಿತ್ ಲೆಕ್ಕಕ್ಕೆ ಎರಡೂಕಾಲು ಗಂಟೆ ಸಾಕು. ಸಾಮಾನ್ಯ ಕಾಲುಗಳಿಗೆ ಮೂರು ಬೇಕು. 70 ಕೆ.ಜಿ. ತೂಕದ ದೇಹವನ್ನು ಅಷ್ಟು ಎತ್ತರಕ್ಕೆ ಎತ್ತಲು ಐದು ಲಕ್ಷ ಜೂಲ್‌ಗೂ ಮಿಗಿಲಾದ ಶಕ್ತಿ ಬೇಕು. ಸ್ನಾಯುಗಳು ತಾವು ಉರಿಸಿದ್ದರಲ್ಲಿ ಕಾಲು ಪಾಲನ್ನಷ್ಟೇ ಕೆಲಸಕ್ಕೆ ಕೊಡುವುದರಿಂದ ಲೆಕ್ಕ 500 ಕಿಲೋಕ್ಯಾಲರಿ ದಾಟುತ್ತದೆ. ನೀರನ್ನಂತೂ ಹೊತ್ತೇ ಹೋಗಬೇಕು. ಇಡೀ ಬೆಟ್ಟ ಸುಣ್ಣಕಲ್ಲು. ಮಳೆನೀರು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡು ಸೌಮ್ಯ ಆಮ್ಲವಾಗಿ, ಕಲ್ಲನ್ನೇ ಕೊರೆದು ಒಳಗಿಳಿಯುತ್ತದೆ. ಮೇಲೆ ತೊರೆಯಿಲ್ಲ, ತಪ್ಪಲಿನಲ್ಲಿ ಬುಗ್ಗೆ.

ಈ ಶಿಖರವೇರಿದ ಮೊದಲ ದಾಖಲೆ 1573ರ ಆಗಸ್ಟ್ 19ರದು. ಏರಿದವನು ಸೇನಾ ಎಂಜಿನಿಯರ್ ಫ್ರಾಂಚೆಸ್ಕೊ ದೆ ಮಾರ್ಕಿ, ಆಗ ಅರವತ್ತು ದಾಟಿದ್ದ ಮುದುಕ. ದಾರಿ ತೋರಿಸಿದವನು ಶಾಮ್ವಾ ಎಂಬ ಕಾಡುಮೇಕೆಯ ಬೇಟೆಗಾರ. 1892ರಲ್ಲಿ ಇಲ್ಲಿಂದ ಅಳಿದುಹೋದ ಆ ಮೇಕೆಯನ್ನು 1992ರಲ್ಲಿ ತಂದು ಬಿಟ್ಟರು. ಈಗ ಚಾರಣಿಗರಿಗೆ ಬಂಡೆಯ ನೆತ್ತಿಯಲ್ಲಿ ಕಾಣಸಿಗುತ್ತದೆ. ಶಿಖರದ ಉತ್ತರದ ಮಡಿಲಲ್ಲಿದ್ದ ಕಾಲ್ದೆರೋನೆ ಹಿಮನದಿ, ಯೂರೋಪಿನ ಅತಿ ದಕ್ಷಿಣದವುಗಳಲ್ಲೊಂದು, 2000ದಲ್ಲಿ ಕರಗಿ ಎರಡು ತುಂಡಾಯಿತು. ಅದನ್ನು ತಂದು ಬಿಡುವವರಿಲ್ಲ.

ಈ ದಾರಿಗಳು ಕುರಿಗಳನ್ನಷ್ಟೇ ಸಾಗಿಸಲಿಲ್ಲ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದಾಗ ಸುಲ್ಮೋನಾ ಪಟ್ಟಣದ ಬಳಿಯ ಶಿಬಿರದಲ್ಲಿದ್ದ ಬ್ರಿಟಿಷ್ ಪಡೆಗಳ ಯುದ್ಧಕೈದಿಗಳು ಬೆಟ್ಟ ಹತ್ತಿದರು. ಇದೇ ಪ್ರಾಂತದ ಅವೆತ್ಸಾನೊ ಶಿಬಿರದಲ್ಲಿದ್ದವರು ನಮ್ಮವರು, ಭಾರತೀಯ ಸೈನಿಕರು. ಜರ್ಮನ್ನರ ಕಣ್ಣು ತಪ್ಪಿಸಿ ಮಾಯೆಲ್ಲಾ ಪರ್ವತ ದಾಟಬೇಕಾದರೆ ಕುರಿದಾರಿ ಬಲ್ಲವರೇ ಗತಿ. ತಮಗೇ ಹಿಟ್ಟಿಲ್ಲದ ಮನೆಗಳವರು ಭಾಷೆ ತಿಳಿಯದ ಪರದೇಶಿಗಳಿಗೆ ರೊಟ್ಟಿ ಕೊಟ್ಟು, ರಾತ್ರಿಯಲ್ಲಿ ದಾರಿ ತೋರಿಸಿದರು. ಸಿಕ್ಕಿಬಿದ್ದರೆ ಗುಂಡೇಟು ಖಚಿತವಿದ್ದ ದಿನಗಳವು. 1944ರ ಮಾರ್ಚ್‌ನಲ್ಲಿ ಹಿಮದಲ್ಲಿ ಹೀಗೆ ದಾಟಿದವರಲ್ಲಿ ಕಾರ್ಲೊ ಆಜೆಲ್ಯೊ ಚಾಂಪಿ ಎಂಬ ತರುಣನೂ ಇದ್ದ. ಮುಂದೆ ಆತ ಇಟಲಿಯ ರಾಷ್ಟ್ರಾಧ್ಯಕ್ಷನಾದ. 2001ರಿಂದ ಆ ದಾರಿಯಲ್ಲಿ, ಸುಲ್ಮೋನಾದಿಂದ ಕಾಸೋಲಿ ಊರಿನವರೆಗೆ, ಶಾಲೆಯ ಮಕ್ಕಳೂ ಸೇರಿ ನಡೆಯುವ ನಡಿಗೆ ಏರ್ಪಾಡಾಗುತ್ತ ಬಂದಿದೆ.

ದೊಡ್ಡ ಕುರಿದಾರಿಗಳಿಗೆ 1976ರಿಂದ ಒಂದೊಂದಾಗಿ ಪುರಾತತ್ವ ಆಸ್ತಿಯ ರಕ್ಷಣೆ ಸಿಕ್ಕಿತು. ಅಷ್ಟರಲ್ಲಿ ಎಷ್ಟೋ ಕಡೆ ಹೊಲ, ಕಾರ್ಖಾನೆ, ಟಾರು ರಸ್ತೆ ಬಂದು ಕೂತಿದ್ದವು. 2019ರಲ್ಲಿ ಯುನೆಸ್ಕೊ ಈ ಕುರಿವಲಸೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರುವ ಹೊತ್ತಿಗೆ ಕಸುಬು ಮಾಡುವವರು ಬೆರಳೆಣಿಕೆ. ಇಂದು ಕಾಂಪೊ ಇಂಪೆರಾತೋರೆಯಲ್ಲಿ ಮಂದೆಯ ಹಿಂದೆ ಕೋಲೂರಿ ನಿಂತವರು ಅನೇಕ ವೇಳೆ ಮ್ಯಾಸಿಡೋನಿಯಾ, ರೊಮೇನಿಯಾಗಳಿಂದ ಕೂಲಿಗೆ ಬಂದವರು. ಅಬ್ರುಝೋದ ಮಕ್ಕಳು ಬೆಲ್ಜಿಯಂಗೆ ಹೋದಂತೆಯೇ ಇವರೂ ಊರು ಬಿಟ್ಟವರು.

ಮಂದೆಯ ಸುತ್ತ ದೊಡ್ಡ ಬಿಳಿ ನಾಯಿಗಳಿರುತ್ತವೆ. ತೋಳ ಕತ್ತಿಗೆ ಬಾಯಿ ಹಾಕದಂತೆ ಹಿಂದೆ ಅವಕ್ಕೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಿದ್ದರು. ಮರಿಯಾಗಿದ್ದಾಗಿನಿಂದ ಕುರಿಗಳ ನಡುವೆಯೇ ಬೆಳೆಯುವ ಈ ನಾಯಿಗೆ ತೋಳವೂ ಒಂದೇ, ಫೋಟೊ ತೆಗೆಯಲು ಹತ್ತಿರ ಬಂದ ಚಾರಣಿಗನೂ ಒಂದೇ. ಅಂಥಲ್ಲಿ ಓಡಬಾರದು, ಕಲ್ಲೆತ್ತಬಾರದು. ಕೆಂಪು-ಬಿಳಿ ಪಟ್ಟಿ ನೇರ ಮಂದೆಯ ನಡುವೆ ಹೋಗುತ್ತಿದ್ದರೂ ಅದನ್ನು ಬಿಟ್ಟು, ದೂರದಿಂದ ಬಳಸಿ ಹೋಗಬೇಕು. ಹಾದಿ ಮೊದಲು ಕುರಿಯದು.